ಅಲಗಿನ ವಯಸ್ಸು ಬೇರೆ, ಒರೆಯ ವಯಸ್ಸು ಬೇರೆ

ಪುಟ್ಟನಿಗೆ ದೊಡ್ಡಪ್ಪನ ಆಶೀರ್ವಾದಗಳು.

ಕೊಳ್ಳಬೇಕೆಂದಿರುವ ಕಠಾರಿ, ಕುಡುಗೋಲುಗಳದ್ದು ಅಂತ ನೀನು ಕಳಿಸಿದ ಫೋಟೋಗಳನ್ನು ನಿಧಾನವಾಗಿ ನೋಡಿದೆ. ಜಾವಾದ ಕಠಾರಿ, ಅಂದರೆ ಕ್ರಿಸ್, ಚೆನ್ನಾಗಿದೆ. ಆದರೆ ಮಾರುವವನು ‘ಮಜಪಾಹಿತ್ ಕಾಲದ್ದು’ ಅಂದ ಮಾತ್ರಕ್ಕೆ ದುಡ್ಡು ಎಣಿಸಬೇಡ. ಜಾವಾದ ಆ ಹಳೆ ರಾಜ್ಯ ಶುರುವಾದದ್ದು 1293ರಲ್ಲಿ, 16ನೇ ಶತಮಾನದ ಮೊದಲ ಭಾಗದಲ್ಲಿ ಮುಗಿದೇ ಹೋಯಿತು. ಅಷ್ಟು ಹಳೆಯದು ಅನ್ನೋಕೆ ಬಾಯಿಮಾತು ಸಾಲದು.

ಅಲಗು, ಹಿಡಿ, ಒರೆ ಮೂರನ್ನೂ ಬೇರೆ ಬೇರೆಯಾಗಿ ನೋಡು. ಜಾವಾದ ಮದುಮಗ ಇವತ್ತಿಗೂ ಬೆನ್ನ ಹಿಂದೆ ಕ್ರಿಸ್ ಸಿಕ್ಕಿಸಿಕೊಳ್ಳುತ್ತಾನೆ. ಮನೆತನದ ಹಳೆ ಅಲಗಿಗೆ ಹೊಸ ಒರೆ ಮಾಡಿಸುವುದು ಅಲ್ಲಿ ಸಹಜ, ಅದು ಮೋಸವಲ್ಲ. ಒರೆಯ ಮೇಲ್ಭಾಗದ ದೋಣಿಯಂಥ ಮರದ ತುಂಡು ಸುರಕರ್ತಾದಲ್ಲಿ ಒಂದು ಥರ, ಯೋಗ್ಯಕರ್ತಾದಲ್ಲಿ ಇನ್ನೊಂದು ಥರ. ಜಾವಾದ ಆ ಎರಡು ಊರಿನ ಅರಮನೆಗಳು ಬೇರೆಯಾದದ್ದೇ 1755ರಲ್ಲಿ. ಹಾಗಾಗಿ ಒರೆ ಹೇಳುವುದು ತನ್ನ ಊರನ್ನು, ಅಲಗಿನ ಊರನ್ನಲ್ಲ.

ಹಿಡಿಯನ್ನು ಮೆಲ್ಲಗೆ ತಿರುಗಿಸಿದರೆ ಸಾಮಾನ್ಯವಾಗಿ ಕಳಚುತ್ತದೆ. ಒಳಗೆ ಹೋಗುವ ಕಡ್ಡಿಗೆ ಬಟ್ಟೆಯೋ ಕೂದಲೋ ಸುತ್ತಿರುತ್ತಾರೆ. ಬಿಗಿಯಾಗಿದ್ದರೆ ಎಳೆಯಬೇಡ, ಕಡ್ಡಿ ಮುರಿದರೆ ಮುಗಿಯಿತು. ಅಲಗಿನ ಬುಡಕ್ಕೆ ಅಡ್ಡವಾಗಿ ಕೂರಿಸಿದ ‘ಗಂಜಾ’ ಅನ್ನೋ ತುಂಡು ಅಲಗಿಗೆ ಕೂಡುವ ಗೆರೆಯನ್ನೂ ನೋಡು. ಅದರ ಕಬ್ಬಿಣ ಅಲಗಿನದ್ದಕ್ಕೆ ಹೊಂದದಿದ್ದರೆ ಯಾವಾಗಲೋ ಬದಲಾಯಿಸಿದ್ದಾರೆ ಅಂತ ಅನುಮಾನಪಡು. ಅಲಗು ಹಾವಿನಂತೆ ಬಳುಕಿದ್ದರೆ ಆ ಬಳುಕುಗಳನ್ನು ಎಣಿಸು, ಬೆಸ ಸಂಖ್ಯೆಯೇ ಬರಬೇಕು. ಆಮೇಲೆ ‘ಪಮೋರ್’, ಅಂದರೆ ಕಬ್ಬಿಣದ ಪದರಗಳಲ್ಲಿ ಮೂಡುವ ಬಿಳಿ ಚಿತ್ತಾರ. ಇತ್ತೀಚಿನ ಕೆಲಸದಲ್ಲಿ ಶುದ್ಧ ನಿಕಲ್ ಬಳಸುವುದರಿಂದ ಅದು ಜಾಸ್ತಿ ಹೊಳೆಯುತ್ತದೆ. ಆ ಚಿತ್ತಾರ ಎದ್ದು ಕಾಣಲು ನಿಂಬೆರಸಕ್ಕೆ ಪಾಷಾಣ ಬೆರೆಸಿ ಹಚ್ಚುತ್ತಾರೆ. ಅದು ವಿಷ ಕಣಪ್ಪಾ, ಮನೆಯಲ್ಲಿ ಮಾಡಲು ಹೋಗಬೇಡ. ಮರಳು ಕಾಗದವಂತೂ ತಾಗಿಸಲೇ ಬೇಡ.

ಜಾವಾ ಪಕ್ಕದ ಮದುರಾ ದ್ವೀಪದ ‘ಚೆಲುರಿತ್’ ಕುಡುಗೋಲಿನ ಲೆಕ್ಕ ಬೇರೆ. ಅದು ದುಡಿಮೆಯ ಸಾಮಾನು, ಮಸೆದು ಮಸೆದು ಸವೆಯುತ್ತದೆ. ಅಲ್ಲಿನ ಕಮ್ಮಾರರು ಲಾರಿ, ಕಾರಿನ ಸ್ಪ್ರಿಂಗ್ ಪ್ಲೇಟನ್ನು ಕಾಯಿಸಿ ಬಡಿದೂ ಇದನ್ನು ಮಾಡುತ್ತಾರೆ. ಅಂಥ ಉಕ್ಕಿನದ್ದು 19ನೇ ಶತಮಾನದ್ದು ಆಗೋಕೆ ಸಾಧ್ಯವಿಲ್ಲ, ಅಲ್ವಾ? ಆದರೂ ಕೈಕೆಲಸ ಹಿಡಿಸಿದರೆ ತಗೋ, ಹೊಸದರ ಬೆಲೆ ಕೊಟ್ಟು.

ಕಾಗದಪತ್ರ ಕೇಳಲು ಸಂಕೋಚ ಬೇಡ. 1825ರಿಂದ 1830ರವರೆಗೆ ಡಚ್ಚರ ವಿರುದ್ಧ ಹೋರಾಡಿದ ಜಾವಾದ ದೀಪೊನೆಗೊರೊ ರಾಜಕುಮಾರನ ಕ್ರಿಸ್ ನೆದರ್‌ಲ್ಯಾಂಡ್ಸ್‌ನ ಮ್ಯೂಸಿಯಮ್ಮಿನಲ್ಲೇ ಇದ್ದರೂ ಅದು ಯಾವುದು ಅಂತ ಬಹಳ ಕಾಲ ಗೊತ್ತಿರಲಿಲ್ಲ. ಹಳೆಯ ದಾಖಲೆಗಳನ್ನು ಹುಡುಕಿ, ಅಲಗಿನ ಜೊತೆ ತಾಳೆ ನೋಡಿ ಗುರುತಿಸಿದ ಮೇಲೆ 2020ರಲ್ಲಿ ಇಂಡೋನೇಷ್ಯಾಕ್ಕೆ ವಾಪಸ್ ಕೊಟ್ಟರು. ಅಷ್ಟು ದೊಡ್ಡವರ ವಸ್ತುವಿಗೇ ಆ ಪಾಡು.

ನಿನ್ನ ಸಂಗ್ರಹದ ಲೆಕ್ಕದ ಪುಸ್ತಕದಲ್ಲಿ ಬರೆಯುವಾಗ ಅಲಗಿಗೊಂದು ಅಂದಾಜು, ಒರೆಗೊಂದು ಅಂದಾಜು ಬರೆ. ಯಾಕೆ ಹಾಗನ್ನಿಸಿತು ಅಂತಲೂ ಪಕ್ಕದಲ್ಲಿ ಬರೆ. ಮಾರಿದವನು ಹೇಳಿದ್ದನ್ನು ಬೇರೆ ಸಾಲಿನಲ್ಲಿ ಹಾಕು.

ಹಿಡಿ ಕಳಚಿ, ಬಿಸಿಲಿನ ಬೆಳಕಿನಲ್ಲಿ ಕಡ್ಡಿಯದ್ದೂ ಗಂಜಾದ್ದೂ ಫೋಟೋ ತೆಗೆಸಿ ಕಳಿಸು. ನಾನು ನೋಡಿ ಹೇಳುವ ತನಕ ಮುಂಗಡ ಕೊಡಬೇಡ.

ಇಂತಿ ನಿನ್ನ ಪ್ರೀತಿಯ
ದೊಡ್ಡಪ್ಪ