ಗೆಳೆಯನಿಗೊಂದು ಪತ್ರ: ಕಿಲ್ಟ್ ಕೊಳ್ಳುವ ಮುಂಚೆ ಟೇಪು ಹಿಡಿ

ಪ್ರೀತಿಯ ಗೆಳೆಯ,

ಸ್ಕಾಟ್ಲೆಂಡಿನ ಗಂಡಸರು ಸೊಂಟಕ್ಕೆ ಸುತ್ತಿಕೊಳ್ಳುವ, ಮಂಡಿಯವರೆಗಿನ ನೆರಿಗೆಯ ಬಟ್ಟೆ ಕಿಲ್ಟ್ ನಿನಗೂ ಬೇಕು, ಆದರೆ ಮದುವೆಗೆ ಬಾಡಿಗೆಗೆ ತರುವಂಥದ್ದು ಬೇಡ, ಶನಿವಾರ ಟೀ ಶರ್ಟಿನ ಜೊತೆ ಹಾಕಿಕೊಂಡು ಎಡಿನ್‌ಬರೋ ಸುತ್ತುವಂಥದ್ದು ಬೇಕು ಅಂತ ಬರೆದಿದ್ದೀಯ. ಒಳ್ಳೆಯದೇ. ಆದರೆ ಪಂಚೆ ಉಟ್ಟವನಿಗೆ ಕಿಲ್ಟ್ ತಾನಾಗಿ ಒಗ್ಗುತ್ತದೆ ಅಂದುಕೊಂಡಿದ್ದರೆ ಸ್ವಲ್ಪ ತಾಳು ಮಾರಾಯ. ಪಂಚೆ ಯಾವ ಸೊಂಟಕ್ಕಾದರೂ ಸೈ, ಊಟವಾದ ಮೇಲೆ ಸಡಿಲಿಸಿ ಕಟ್ಟಿದರಾಯಿತು. ಕಿಲ್ಟ್ ಅಳತೆಗೆ ಹೊಲಿದ ಬಟ್ಟೆ, ಬಕಲ್ಲು ಬಿಟ್ಟುಕೊಡುವುದು ಹೆಚ್ಚೆಂದರೆ ಒಂದೆರಡು ಇಂಚು. ನೆರಿಗೆಯೂ ಉಲ್ಟಾ: ನಮ್ಮದು ಮುಂದೆ, ಅದರದ್ದು ಹಿಂದೆ. ಮುಂದೆ ಏಪ್ರನ್ ಅನ್ನುವ ಎರಡು ಚಪ್ಪಟೆ ಪದರ ಒಂದರ ಮೇಲೊಂದು ಕೂತಿರುತ್ತವೆ, ಮೇಲಿನದರ ಅಂಚು ನಿನ್ನ ಬಲಕ್ಕೆ ಬರಬೇಕು.

ಮೊದಲ ತಪ್ಪು ಆಗುವುದೇ ಜೀನ್ಸ್ ಸೈಜು ಹೇಳಿ ತರಿಸಿಕೊಳ್ಳುವುದರಲ್ಲಿ. ಜೀನ್ಸಿನ ಪಟ್ಟಿಯ ಮೇಲೆ 34 ಅಂತಿದ್ದರೂ ಟೇಪು ಹಿಡಿದರೆ ಹೆಚ್ಚೇ ಬರಬಹುದು. ಅದೂ ಅಲ್ಲದೆ ಸಾಂಪ್ರದಾಯಿಕ ಕಿಲ್ಟ್ ಕೂರುವುದು ಹೊಕ್ಕುಳ ಮಟ್ಟದಲ್ಲಿ. ಜೇಬಿರುವ ಹೊಸ ನಮೂನೆಯವು ಸಾಮಾನ್ಯವಾಗಿ ಸೊಂಟದ ಮೂಳೆಯ ಹತ್ತಿರ ಕೂರುತ್ತವೆ. ಎಲ್ಲಿ ಕೂರುತ್ತದೆ ಅಂತ ಮಾರುವವರನ್ನು ಕೇಳಿಯೇ ಅಳೆ. ಹೊಟ್ಟೆ ಒಳಗೆಳೆದುಕೊಳ್ಳಬೇಡ, ಊಟ ಮಾಡಿಯೇ ಅಳೆದುಕೋ. ಎರಡನೆಯ ಅಳತೆ ಹಿಂಬದಿಯ ಉಬ್ಬು ಎಲ್ಲಿ ಹೆಚ್ಚೋ ಅಲ್ಲಿನ ಸುತ್ತಳತೆ. ಗಂಡಸರು ಇದನ್ನೇ ಬಿಡುತ್ತಾರೆ. ನೆರಿಗೆಗಳನ್ನು ಸೊಂಟದಿಂದ ಆ ಉಬ್ಬಿನವರೆಗೆ ಹೊಲಿದು ಕೂಡಿಸಿ, ಅಲ್ಲಿಂದ ಕೆಳಗೆ ಬಿಟ್ಟಿರುತ್ತಾರೆ. ಈ ಅಳತೆ ಕಮ್ಮಿಯಾದರೆ ನೀನು ಸುಮ್ಮನೆ ನಿಂತಾಗಲೂ ನೆರಿಗೆ ಬಾಯಿಬಿಟ್ಟು ಕೊಡೆ ಬಿಚ್ಚಿದ ಹಾಗೆ ಅಗಲುತ್ತದೆ. ಅದನ್ನು ಇಸ್ತ್ರಿ ಸರಿಪಡಿಸುವುದಿಲ್ಲ.

ಉದ್ದಕ್ಕೆ ಒಬ್ಬರನ್ನು ಕರೆದು ಅಳೆಸು. ನೀನೇ ಬಗ್ಗಿದರೆ ಟೇಪೂ ಬಗ್ಗುತ್ತದೆ. ಅಂಚು ಮಂಡಿಚಿಪ್ಪಿನ ನಡುಭಾಗಕ್ಕೆ ಬಂದು ನಿಲ್ಲಬೇಕು. ಮೊಣಕಾಲೂರಿ ನೆಟ್ಟಗೆ ಕೂತಾಗ ಅದು ನೆಲದಿಂದ ಸುಮಾರು ಒಂದು ಇಂಚು ಮೇಲಿದ್ದರೆ ಸರಿ. ಅದಕ್ಕಿಂತ ಕೆಳಗಿಳಿದರೆ ನಡೆಯುವಾಗ ಮೀನಖಂಡಕ್ಕೆ ಬಡಿಯುತ್ತದೆ, ನೋಡಲಿಕ್ಕೂ ಅಣ್ಣನ ಬಟ್ಟೆ ಹಾಕಿಕೊಂಡ ಹಾಗೆ.

ಇನ್ನು ಬಟ್ಟೆ. ಪೂರ್ತಿ ಸಾಂಪ್ರದಾಯಿಕ ಕಿಲ್ಟಿಗೆ 8 ಗಜ ಉಣ್ಣೆ, ಗಜಕ್ಕೆ 13 ಅಥವಾ 16 ಔನ್ಸ್ ತೂಕದ್ದು. ದಿನಬಳಕೆಗೆ 5 ಗಜದ್ದು ಸಾಕು. ಹಗುರ ಇದ್ದಷ್ಟೂ ಆರಾಮ ಅನ್ನುವ ಮಾತು ಇಲ್ಲಿ ನಡೆಯುವುದಿಲ್ಲ. ನೆರಿಗೆಯನ್ನು ಮತ್ತೆ ಜಾಗಕ್ಕೆ ಎಳೆದು ತರುವುದು ಅದರ ಭಾರವೇ. ತೆಳ್ಳಗಿನ ಪಾಲಿಯೆಸ್ಟರ್ ತಗೊಂಡು ನಿನ್ನೂರಿನ ಗಾಳಿಗೆ ಪ್ರಿನ್ಸಸ್ ಸ್ಟ್ರೀಟಿನಲ್ಲಿ ನಡೆದರೆ ಎರಡೂ ಕೈ ಅದನ್ನು ಹಿಡಿದುಕೊಳ್ಳಲಿಕ್ಕೇ ಬೇಕು. ನನ್ನ ಮಾತು ಕೇಳುವುದಾದರೆ ದಪ್ಪ ಹತ್ತಿಯ ಕ್ಯಾನ್ವಾಸಿನದ್ದು ತಗೋ. ಚೌಕುಳಿಯೇ ಬೇಕೆಂದಿಲ್ಲ. ನಿನ್ನೂರಲ್ಲೇ ಹೋವಿ ನಿಕಲ್ಸ್‌ಬಿ ಅನ್ನುವ ಕಿಲ್ಟ್ ತಯಾರಕರು 1996ರಿಂದ ಡೆನಿಮ್ಮು, ಚರ್ಮದಲ್ಲೆಲ್ಲ ಕಿಲ್ಟ್ ಮಾಡಿ ತೋರಿಸಿದ್ದಾರೆ. ಅಮೆರಿಕದ ಸಿಯಾಟಲ್‌ನಲ್ಲಿ 2000ದಲ್ಲಿ ಶುರುವಾದ ಯುಟಿಲಿಕಿಲ್ಟ್ಸ್ ಕಂಪನಿ ಕಿಲ್ಟಿಗೆ ಕೆಲಸಗಾರರ ಪ್ಯಾಂಟಿನಂಥ ಜೇಬು ಕೊಟ್ಟಿತು. ಜೇಬಿದ್ದರೆ ಮುಂದೆ ಸ್ಪೊರನ್ ಚೀಲ ನೇತುಹಾಕುವ ತಾಪತ್ರಯವಿಲ್ಲ. ಫೋನು, ಬೀಗದ ಕೈ ಎಲ್ಲ ಒಂದೇ ಕಡೆ ತುರುಕಬೇಡ, ಆ ಬದಿಯ ಅಂಚು ಇಳಿಬೀಳುತ್ತದೆ.

ಕಿಲ್ಟ್ ಪಿನ್ ಚುಚ್ಚುವುದಾದರೆ ಮೇಲಿನ ಏಪ್ರನ್ನಿಗೆ ಮಾತ್ರ. ಎರಡಕ್ಕೂ ಸೇರಿಸಿ ಚುಚ್ಚಿದರೆ ಕೂರುವಾಗ ಪದರಗಳು ಒಂದನ್ನೊಂದು ಎಳೆದು ಬಟ್ಟೆ ಹರಿಯುತ್ತದೆ. ಕೂರುವ ಮೊದಲು ಅಂಗೈಯನ್ನು ಹಿಂದಕ್ಕೆ ಒಯ್ದು, ನೆರಿಗೆಯನ್ನು ಮೇಲಿಂದ ಕೆಳಗೆ ಸವರಿ ಕೂರು. ಮಂಡಿ ಜೋಡಿಸಿಕೋ, ಇಲ್ಲವೇ ಬಟ್ಟೆ ತೊಡೆ ನಡುವೆ ಇಳಿಯಲಿ. ಒಳಗೇನು ಅಂತ ಯಾರಾದರೂ ಕೇಳಿಯೇ ಕೇಳುತ್ತಾರೆ, ಅದು ನಿನ್ನಿಷ್ಟ. ಉಣ್ಣೆಯದ್ದಾದರೆ ಒಳಚಡ್ಡಿ ಇದ್ದರೇ ವಾಸಿ, ತೊಡೆ ತುರಿಸುವುದಿಲ್ಲ.

ತೊಳೆಯುವುದೇ ದೊಡ್ಡ ಕೆಲಸ. ಹತ್ತಿಯದ್ದನ್ನು ಹಾಗೇ ಮೆಷಿನ್ನಿಗೆ ಹಾಕಿದರೆ ನೆರಿಗೆಯ ಗೀಟು ಮಾಯವಾಗಿ, ಒಂದೊಂದನ್ನೂ ಹುಡುಕಿ ಇಸ್ತ್ರಿ ಮಾಡಬೇಕಾಗುತ್ತದೆ. ಮೊದಲು ಮೇಜಿನ ಮೇಲೆ ಹರಡು, ಅಂಚಿನಿಂದ ಎರಡು ಇಂಚು ಮೇಲೆ ಎಲ್ಲಾ ನೆರಿಗೆಗಳನ್ನೂ ಸೇರಿಸಿ ಉದ್ದುದ್ದ ಕಚ್ಚಾ ಹೊಲಿಗೆ ಹಾಕು. ಬೇರೆ ಬಣ್ಣದ ದಾರವಾದರೆ ಆಮೇಲೆ ಬಿಚ್ಚುವುದು ಸುಲಭ. ತಣ್ಣೀರಲ್ಲಿ ಅದ್ದಿ ತೊಳೆ, ಹಿಂಡಬೇಡ. ಸೊಂಟದ ಪಟ್ಟಿಗೆ ಕ್ಲಿಪ್ಪು ಹಾಕಿ ತೂಗುಬಿಟ್ಟು, ಹಸಿ ಇರುವಾಗಲೇ ಒಂದೊಂದು ನೆರಿಗೆಯನ್ನು ಕೈಯಲ್ಲಿ ಕೆಳಗೆ ಎಳೆದುಬಿಡು. ಇಸ್ತ್ರಿಗೆ ಮೇಲೊಂದು ಒದ್ದೆ ಬಟ್ಟೆ ಹಾಸಿ ಒತ್ತಿ ಎತ್ತು, ಉಜ್ಜಿದರೆ ಗೀಟು ಸೊಟ್ಟಗಾಗುತ್ತದೆ. ಉಣ್ಣೆಯದ್ದಾದರೆ ಬಿಸಿನೀರಿನ ಹತ್ತಿರವೂ ಒಯ್ಯಬೇಡ, ಕುಗ್ಗಿ ಕಂಬಳಿಯಾಗುತ್ತದೆ. ಅದನ್ನು ರಾತ್ರಿ ಗಾಳಿಗೆ ತೂಗಿಟ್ಟರೆ ಕೂತ ಸುಕ್ಕು ಬಹುಪಾಲು ತಾನೇ ಇಳಿಯುತ್ತದೆ.

ಜೂನಿಂದ ಸೆಪ್ಟೆಂಬರಿನೊಳಗೆ ಉತ್ತರದ ಬೆಟ್ಟಸೀಮೆ ಹೈಲ್ಯಾಂಡ್ಸ್ ಕಡೆ ಹೋಗುವುದಿದ್ದರೆ ಮಂಡಿಯವರೆಗಿನ ಕಾಲುಚೀಲ, ನೊರಜು ಕಚ್ಚದಂತೆ ಮೈಗೆ ಹಚ್ಚುವ ಎಣ್ಣೆ ಎರಡೂ ಇಟ್ಟುಕೋ. ಅಲ್ಲಿನ ಮಿಜ್ ಅನ್ನುವ ಕಚ್ಚುವ ನೊರಜು ಹಿಂಡುಗಟ್ಟಿ ಬರುತ್ತದೆ, ಸಂಜೆ ಗಾಳಿ ನಿಂತಿತೋ ಬರಿಗಾಲು ಬಿಡುವುದಿಲ್ಲ.

ಮೂರೂ ಅಳತೆ ಬರೆದು ಕಳಿಸು, ಆರ್ಡರ್ ಮಾಡುವ ಮೊದಲು ಒಮ್ಮೆ ನೋಡುತ್ತೇನೆ.

ನಿನ್ನ ಗೆಳೆಯ