ಚೆಂದದ ಡಬ್ಬಿ, ಮೆತ್ತಗಾದ ಬಿಸ್ಕತ್ತು

ಮಾನ್ಯ ಸಂಪಾದಕರೇ,

ದೀಪಾವಳಿ ಹತ್ತಿರವಾದಂತೆ ಮನೆಯಲ್ಲೇ ಬಿಸ್ಕತ್ತು ಮಾಡಿ, ಡಬ್ಬಿಗೆ ರಿಬ್ಬನ್ ಕಟ್ಟಿ ಹಂಚುವವರೂ ಮಾರುವವರೂ ಹೆಚ್ಚುತ್ತಾರೆ. ಪತ್ರಿಕೆಗಳ ಹಬ್ಬದ ಪುರವಣಿಗಳಲ್ಲಿ ರೆಸಿಪಿಗಳೂ ಬರುತ್ತವೆ. ಆದರೆ ಅವು ಸಾಮಾನ್ಯವಾಗಿ ಓವನ್ನಿನಿಂದ ಟ್ರೇ ಹೊರಬಂದಲ್ಲಿಗೆ ಮುಗಿದುಹೋಗುತ್ತವೆ. ಬಿಸ್ಕತ್ತು ಕೆಡುವುದು ಬಹಳ ಸಲ ಅಲ್ಲಿಂದಾಚೆಗೆ.

ನಾನ್‌ಖಟಾಯಿಯನ್ನೇ ನೋಡಿ. ಮೈದಾ 150 ಗ್ರಾಂ, ಕಡಲೆಹಿಟ್ಟು 50 ಗ್ರಾಂ, ಚಿರೋಟಿ ರವೆ 25 ಗ್ರಾಂ, ಪುಡಿ ಸಕ್ಕರೆ 100 ಗ್ರಾಂ, ತುಪ್ಪ 120 ಗ್ರಾಂ, ಅರ್ಧ ಚಮಚ ಏಲಕ್ಕಿ ಪುಡಿ, ಒಂದು ಚಿಟಿಕೆ ಅಡುಗೆ ಸೋಡಾ. 18 ಗ್ರಾಮಿನ ಉಂಡೆ ಕಟ್ಟಿದರೆ ಸುಮಾರು ಎರಡು ಡಜನ್ ಆಗುತ್ತವೆ. ತುಪ್ಪ ಗಟ್ಟಿಯಾಗಿ ಮರಳುಮರಳಾಗಿರಬೇಕು. ಕರಗಿದ ತುಪ್ಪ ಹಾಕಿದರೆ ಉಂಡೆ ಟ್ರೇ ಮೇಲೆ ಹರಡಿ ಚಪ್ಪಟೆಯಾಗುತ್ತದೆ. ತುಪ್ಪ, ಸಕ್ಕರೆ ಎರಡನ್ನೂ ಬೆಳ್ಳಗಾಗುವಷ್ಟು ಚೆನ್ನಾಗಿ ತಿಕ್ಕಿ, ಹಿಟ್ಟು ಹಾಕಿದ ಮೇಲೆ ಹಗುರವಾಗಿ ಕೂಡಿಸಿ ಬಿಡಬೇಕು. ಚಪಾತಿ ಹಿಟ್ಟಿನಂತೆ ನಾದಿದರೆ ಗಡುಸಾಗುತ್ತದೆ. ಸೋಡಾ ಜಾಸ್ತಿಯಾದರೆ ಬಣ್ಣ ಕಪ್ಪೇರಿ ಸಾಬೂನಿನ ರುಚಿ ಬರುತ್ತದೆ. ಓವನ್ 15 ನಿಮಿಷ ಮೊದಲೇ ಕಾದಿರಲಿ, 160 ಡಿಗ್ರಿಯಲ್ಲಿ 18ರಿಂದ 22 ನಿಮಿಷ ಸಾಕು. ಹೊರತೆಗೆದಾಗ ಮುಟ್ಟಿದರೆ ಮೆತ್ತಗೇ ಇರುತ್ತದೆ. ಬೆಂದಿಲ್ಲವೆಂದು ಮತ್ತೆ ಒಳಗಿಡಬೇಡಿ. ತಳ ಹೊಂಬಣ್ಣಕ್ಕೆ ತಿರುಗಿದ್ದರೆ ಹದ ಸರಿಯಿದೆ, ಆರುತ್ತ ತಾನೇ ಗಟ್ಟಿಯಾಗುತ್ತದೆ.

ಹತ್ತು ನಿಮಿಷ ಟ್ರೇ ಮೇಲೆ ಬಿಟ್ಟು, ಆಮೇಲೆ ತಂತಿಯ ಜಾಲರಿಗೆ ವರ್ಗಾಯಿಸಿ. ಟ್ರೇಯಲ್ಲೇ ಬಿಟ್ಟರೆ ಅಡಿಯ ಹಬೆಗೆ ಹೋಗಲು ದಾರಿಯಿಲ್ಲದೆ ತಳ ಬೆವರುತ್ತದೆ. ಜಾಲರಿಯ ಮೇಲೆ ಕನಿಷ್ಠ ಒಂದು ಗಂಟೆ ಆರಬೇಕು, ದಪ್ಪನೆಯವಕ್ಕೆ ಎರಡು ಗಂಟೆಯೂ ಬೇಕಾದೀತು. ಮೇಲೆ ಮುಟ್ಟಿ ನೋಡಿದರೆ ಗೊತ್ತಾಗುವುದಿಲ್ಲ. ಒಂದನ್ನು ಮುರಿದು, ನಡುಭಾಗವನ್ನು ತುಟಿಗೆ ತಾಗಿಸಿ ನೋಡಿ. ಸ್ವಲ್ಪ ಬೆಚ್ಚಗಿದ್ದರೂ ಡಬ್ಬಿ ಮುಚ್ಚಬೇಡಿ: ಆ ಹಬೆ ಮುಚ್ಚಳಕ್ಕೆ ಹನಿಗಟ್ಟಿ ಮತ್ತೆ ಬಿಸ್ಕತ್ತಿಗೇ ಇಳಿಯುತ್ತದೆ. ಎರಡೇ ದಿನದಲ್ಲಿ ಗರಿಗರಿ ಹೋಗಿ, ವಾರದೊಳಗೆ ಮುಗ್ಗಲು ವಾಸನೆ ಹಿಡಿಯಬಹುದು.

ಖಾರಾ ಬಿಸ್ಕತ್ತಿನಲ್ಲಿ ಇನ್ನೊಂದು ತೊಡಕಿದೆ. ಕರಿಬೇವು, ಕೊತ್ತಂಬರಿ, ಹಸಿಮೆಣಸಿನಕಾಯಿ ತೊಳೆದ ನೀರು ಪೂರ್ತಿ ಆರದೆ ಹಿಟ್ಟಿಗೆ ಬಿದ್ದರೆ ಎಷ್ಟು ಬೇಯಿಸಿದರೂ ಸೊಪ್ಪಿನ ಸುತ್ತ ಹಸಿಯ ಚುಕ್ಕೆ ಉಳಿಯುತ್ತದೆ, ಮೆತ್ತಗಾಗುವುದು ಅಲ್ಲಿಂದಲೇ. ಸೊಪ್ಪನ್ನು ಬಟ್ಟೆಯಲ್ಲಿ ಒತ್ತಿ, ನೆರಳಲ್ಲಿ ಆರಿಸಿ ಹೆಚ್ಚಿಕೊಳ್ಳಿ. ಖಾರಾ ಬಿಸ್ಕತ್ತು, ನಾನ್‌ಖಟಾಯಿ ಎರಡನ್ನೂ ಒಂದೇ ಡಬ್ಬಿಯಲ್ಲಿ ಬಿಡಿಬಿಡಿಯಾಗಿ ಜೋಡಿಸಿದರೆ ನೋಡಲು ಚೆಂದ, ನಿಜ. ಆದರೆ ಮಾರನೆಯ ದಿನಕ್ಕೆ ಏಲಕ್ಕಿಯ ಬಿಸ್ಕತ್ತಿಗೆ ಕರಿಬೇವಿನ ಘಮ ಹತ್ತಿರುತ್ತದೆ.

ಕಂದು ಬಣ್ಣದ ರಟ್ಟಿನ ಪೆಟ್ಟಿಗೆ ತೇವವನ್ನು ತಡೆಯುವುದಿಲ್ಲ, ಮೇಲಾಗಿ ಬಿಸ್ಕತ್ತಿನ ತುಪ್ಪವನ್ನು ಹೀರಿ ಕಲೆಯಾಗುತ್ತದೆ. ಆಹಾರಕ್ಕೆಂದೇ ತಯಾರಾದ ಕವರಿನಲ್ಲಿ ಬಿಸ್ಕತ್ತು ತುಂಬಿ, ಬಾಯಿಯನ್ನು ಶಾಖದಿಂದ ಮುಚ್ಚಿ, ಆಮೇಲೆ ರಟ್ಟಿನೊಳಗಿಡಿ. ಕರಾವಳಿ, ಮಲೆನಾಡಿನ ಮಳೆಗಾಲದಲ್ಲಿ ಇದನ್ನು ತಪ್ಪಿಸಲಾಗದು. ಕಲಬುರಗಿಯ ಬೇಸಿಗೆಯಲ್ಲಿ ತುಪ್ಪವೇ ಕರಗುವುದರಿಂದ ಬಿಸ್ಕತ್ತುಗಳ ನಡುವೆ ಬೇಕಿಂಗ್ ಕಾಗದವೂ ಇರಲಿ. ಮಲಗಿಸಿ ಪೇರಿಸುವ ಬದಲು ನಾಣ್ಯ ಜೋಡಿಸಿದಂತೆ ಅಂಚಿನ ಮೇಲೆ ಒತ್ತಾಗಿ ನಿಲ್ಲಿಸಿದರೆ ಬಸ್ಸಿನಲ್ಲಿ ಕಳಿಸಿದರೂ ಒಡೆಯುವುದು ಕಡಿಮೆ. ಕಾಗದದ ಬಣ್ಣಬಣ್ಣದ ಎಳೆ ಕವರಿನ ಹೊರಗಿರಲಿ. ಸ್ಟೇಪ್ಲರ್ ಪಿನ್ನು ಮಾತ್ರ ಬೇಡವೇ ಬೇಡ, ಬಿಚ್ಚುವಾಗ ಕಿತ್ತು ತಿನಿಸಿಗೆ ಬೀಳುತ್ತದೆ. ದಾರ ಕಟ್ಟಿ.

ಹಳೆಯ ಕಾಲದ ನೋಟ ಬರಲೆಂದು ಕೆಲವರು ಕನ್ನಡ ಪತ್ರಿಕೆಯ ಹಾಳೆಯಲ್ಲಿ ಬಿಸ್ಕತ್ತು ಸುತ್ತುತ್ತಾರೆ. ಭಾಷೆಯ ಮೇಲಿನ ಪ್ರೀತಿ ದೊಡ್ಡದು, ಆದರೆ ಮುದ್ರಣದ ಶಾಯಿ ತುಪ್ಪಕ್ಕೆ ಬೇಗ ಬಿಟ್ಟುಕೊಳ್ಳುತ್ತದೆ. ಆಹಾರ ಸುತ್ತಲು ಪತ್ರಿಕೆ ಬಳಸುವುದನ್ನು 2018ರ ಪ್ಯಾಕೇಜಿಂಗ್ ನಿಯಮಗಳು ನಿಷೇಧಿಸಿವೆ. ಮಾರುವವರು ಎಫ್‌ಎಸ್‌ಎಸ್‌ಎಐ (ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ) ನೋಂದಣಿ ಮಾಡಿಸಿ, ಲೇಬಲ್ಲಿನಲ್ಲಿ ಅದರ 14 ಅಂಕಿಯ ಸಂಖ್ಯೆ, ಪದಾರ್ಥಗಳು, ತಯಾರಿಸಿದ ದಿನಾಂಕ, ಎಷ್ಟು ದಿನದೊಳಗೆ ತಿನ್ನಬೇಕೆಂಬುದು ಇವಿಷ್ಟನ್ನೂ ಹಾಕಬೇಕು. ಮೊಟ್ಟೆ ಹಾಕಿದ್ದರೆ ಹಸಿರು ಚುಕ್ಕೆ ಸಲ್ಲದು, ಕಂದು ತ್ರಿಕೋನವೇ ಬರಬೇಕು. ಉಡುಗೊರೆ ಕೊಡುವವರೂ ಗೋಡಂಬಿ, ಕಡಲೆಕಾಯಿ, ಹಾಲು, ಗೋಧಿ ಇದೆಯೆಂದು ಒಂದು ಚೀಟಿಯಲ್ಲಿ ಬರೆದಿಟ್ಟರೆ ಅಲರ್ಜಿ ಇರುವ ಮಗುವಿನ ಮನೆಯವರು ಧೈರ್ಯವಾಗಿ ಡಬ್ಬಿ ತೆರೆಯಬಹುದು.

ತಮ್ಮ ಹಬ್ಬದ ಪುರವಣಿಯಲ್ಲಿ ರೆಸಿಪಿಗಳನ್ನು ಲೋಟದ ಬದಲು ಗ್ರಾಂ ಲೆಕ್ಕದಲ್ಲಿ ಕೊಡಿ. ಜತೆಗೆ ಆರಿಸುವ ಸಮಯ, ಡಬ್ಬಿಗೆ ಹಾಕುವ ಕ್ರಮ ಇವೆರಡನ್ನೂ ಪ್ರತಿ ರೆಸಿಪಿಯ ಕೆಳಗೆ ಎರಡು ಸಾಲಿನಲ್ಲಿ ಮುದ್ರಿಸಬೇಕೆಂದು ಕೋರುತ್ತೇವೆ.

– ಬೇಕಿಂಗ್ ಕಲಿಸುವ ಶಿಕ್ಷಕಿಯರು, ಶಿವಮೊಗ್ಗ