ರಾಚ್‌ಡೇಲ್‌ನಲ್ಲಿ ಲೇಬರ್ ಸೋತದ್ದು ಅಭ್ಯರ್ಥಿ ಆಯ್ಕೆಯ ದಿನವೇ

ಮಾನ್ಯ ಸಂಪಾದಕರಿಗೆ ನಮಸ್ಕಾರಗಳು.

ಇಂಗ್ಲೆಂಡಿನ ರಾಚ್‌ಡೇಲ್ ಕ್ಷೇತ್ರಕ್ಕೆ 2024ರ ಫೆಬ್ರವರಿ 29ರಂದು ನಡೆದ ಉಪಚುನಾವಣೆಯ ಬಗ್ಗೆ ಕನ್ನಡದಲ್ಲಿ ಬಂದ ವರದಿಗಳನ್ನು ಓದಿದೆ. ಎಲ್ಲದರಲ್ಲೂ ಇದ್ದದ್ದು ಒಂದೇ ಮಾತು: ಗಾಜಾ ಯುದ್ಧದ ಸಿಟ್ಟಿನಲ್ಲಿ ಮುಸ್ಲಿಂ ಮತಗಳು ಒಟ್ಟಾದವು, ವರ್ಕರ್ಸ್ ಪಾರ್ಟಿ ಎಂಬ ಸಣ್ಣ ಪಕ್ಷದ ಜಾರ್ಜ್ ಗ್ಯಾಲೊವೇ ಗೆದ್ದರು. ನಾನು ಈ ಊರಿನ ಮತದಾರಳು. ಗಾಜಾ ಇಲ್ಲಿ ದೊಡ್ಡ ವಿಷಯ ಆಗಿರಲಿಲ್ಲ ಎಂದು ನಾನು ಹೇಳಲಾರೆ, ಆಗಿತ್ತು. ಆದರೆ ಅಷ್ಟನ್ನೇ ಬರೆದು ಬಿಟ್ಟರೆ ಅರ್ಧ ಸತ್ಯವಾಗುತ್ತದೆ. ಲೇಬರ್ ಎಂಬ ಗಟ್ಟಿ ಪಕ್ಷವೊಂದು ತನ್ನ ಅಭ್ಯರ್ಥಿಯನ್ನು ಆರಿಸುವ ಕೆಲಸದಲ್ಲೇ ಎಡವಿ ಕ್ಷೇತ್ರ ಕಳೆದುಕೊಂಡ ಕಥೆ ಇದು. ಕರ್ನಾಟಕದಲ್ಲಿ ಲೋಕಸಭೆ ಟಿಕೆಟ್‌ಗಳ ಪಟ್ಟಿಗಾಗಿ ಎಲ್ಲರೂ ಕಾಯುತ್ತಿದ್ದ 2024ರ ಮಾರ್ಚ್ ಹೊತ್ತಿನಲ್ಲಿ ಆ ಅರ್ಧವನ್ನೂ ಓದುಗರ ಮುಂದಿಡಬೇಕು ಅನ್ನಿಸಿತು.

ನಾನು ಮೂಲತಃ ಗದಗ ಜಿಲ್ಲೆಯವಳು, ಇಲ್ಲಿ ವೃದ್ಧರ ಆರೈಕೆ ಕೇಂದ್ರವೊಂದರಲ್ಲಿ ನರ್ಸ್. ಬ್ರಿಟನ್ನಿನಲ್ಲಿ ಕಾನೂನುಬದ್ಧವಾಗಿ ನೆಲೆಸಿರುವ ಭಾರತೀಯರು ಕಾಮನ್‌ವೆಲ್ತ್ ದೇಶದವರೆಂಬ ಕಾರಣಕ್ಕೆ ಇಲ್ಲಿನ ಸಂಸತ್ ಚುನಾವಣೆಯಲ್ಲಿ ಮತ ಹಾಕಬಹುದು. ಇಲ್ಲಿನ ಪೌರತ್ವ ಬೇಕಿಲ್ಲ, ಮತದಾರರ ಪಟ್ಟಿಯಲ್ಲಿ ಹೆಸರಿದ್ದರೆ ಸಾಕು. ಇದು ಇಲ್ಲಿರುವ ಎಷ್ಟೋ ಕನ್ನಡಿಗರಿಗೇ ಗೊತ್ತಿಲ್ಲ. ಈಗ ಮತಗಟ್ಟೆಯಲ್ಲಿ ಗುರುತಿನ ಚೀಟಿ ಕಡ್ಡಾಯ. ನಾನು ತೋರಿಸಿದ್ದು ನಮ್ಮ ಭಾರತದ ಪಾಸ್‌ಪೋರ್ಟನ್ನೇ.

ಟೋನಿ ಲಾಯ್ಡ್ 2017ರಿಂದ ನಮ್ಮ ಸಂಸದರಾಗಿದ್ದರು, ಲೇಬರ್ ಪಕ್ಷದವರು. ಹಿಂದೆ ಮ್ಯಾಂಚೆಸ್ಟರಿನ ಸಂಸದರಾಗಿದ್ದವರು, ಪಕ್ಷಭೇದವಿಲ್ಲದೆ ಗೌರವ ಗಳಿಸಿದ್ದವರು. 2019ರಲ್ಲಿ ದೇಶವಿಡೀ ಲೇಬರ್ ನೆಲಕಚ್ಚಿದಾಗಲೂ ಇಲ್ಲಿ 9,668 ಮತಗಳ ಅಂತರದಿಂದ ಗೆದ್ದಿದ್ದರು. 2024ರ ಜನವರಿ 17ರಂದು ಅವರು ತೀರಿಕೊಂಡರು. ಮತದಾನ ಫೆಬ್ರವರಿ 29ಕ್ಕೆ. ನಡುವೆ ಇದ್ದದ್ದು ಆರೇ ವಾರ.

ಈ ಆರು ವಾರದ ಅವಸರ ಯಾರದು ಎಂಬುದೇ ಮುಖ್ಯ ಪ್ರಶ್ನೆ. ನಮ್ಮಲ್ಲಿ ಉಪಚುನಾವಣೆಯ ದಿನಾಂಕವನ್ನು ಚುನಾವಣಾ ಆಯೋಗ ನಿಗದಿ ಮಾಡುತ್ತದೆ. ಇಲ್ಲಿ ಹಾಗಲ್ಲ. ಖಾಲಿಯಾದ ಸ್ಥಾನ ಯಾವ ಪಕ್ಷದ್ದೋ ಆ ಪಕ್ಷದ ಮುಖ್ಯ ಸಚೇತಕರೇ ಸಂಸತ್ತಿನಲ್ಲಿ ಚುನಾವಣೆಗೆ ಆದೇಶ ಕೋರುವುದು ರೂಢಿ. ಮೂರು ತಿಂಗಳೊಳಗೆ ಕೋರಿದರೆ ಸಾಕು. ಎಂದರೆ ಲೇಬರ್ ಪಕ್ಷಕ್ಕೆ ಏಪ್ರಿಲ್‌ವರೆಗೂ ಕಾಲಾವಕಾಶವಿತ್ತು. ಗ್ಯಾಲೊವೇ ಬಂದು ಬೇರೂರುವ ಮೊದಲೇ ಮುಗಿಸಿಬಿಡೋಣ ಎಂಬ ಲೆಕ್ಕಾಚಾರ ಅವರದು ಎಂದು ಊರಿನಲ್ಲಿ ಎಲ್ಲರೂ ಮಾತಾಡಿಕೊಂಡರು. ನನಗೂ ಬೇರೆ ಕಾರಣ ಕಾಣುವುದಿಲ್ಲ.

ಆಯ್ಕೆ ನಡೆದ ಬಗೆ ನೋಡಿ. ಉಪಚುನಾವಣೆ ಬಂದರೆ ಲೇಬರ್ ಪಕ್ಷದಲ್ಲಿ ಯಾರು ಯಾರು ಕಣದಲ್ಲಿರಬೇಕು ಎಂಬ ಕಿರುಪಟ್ಟಿಯನ್ನು ಕೇಂದ್ರದ ಕಾರ್ಯಕಾರಿ ಸಮಿತಿ ನೇಮಿಸಿದ ತಂಡ ಮಾಡುತ್ತದೆ. ಸ್ಥಳೀಯ ಸದಸ್ಯರಿಗೆ ಉಳಿಯುವುದು ಆ ಪಟ್ಟಿಯೊಳಗಿನ ಹೆಸರುಗಳಿಗೆ ಮತ ಹಾಕುವ ಹಕ್ಕು ಮಾತ್ರ. ಲಾಯ್ಡ್ ತೀರಿಕೊಂಡು ಹತ್ತು ದಿನ ಕಳೆಯುವಷ್ಟರಲ್ಲಿ ಅಜರ್ ಅಲಿ ಅವರ ಆಯ್ಕೆ ಮುಗಿದಿತ್ತು. ಅವರು ಲ್ಯಾಂಕಾಶೈರ್ ಕೌಂಟಿ ಕೌನ್ಸಿಲ್‌ನಲ್ಲಿ ಆಗ ಲೇಬರ್ ಗುಂಪಿನ ನಾಯಕರಾಗಿದ್ದರು. ಅನುಭವಿಗಳು, ನಿಜ. ಆದರೆ ಅವರ ರಾಜಕಾರಣ ಬೆಳೆದದ್ದು ಪಕ್ಕದ ಕೌಂಟಿಯಲ್ಲಿ. ರಾಚ್‌ಡೇಲ್ ಇರುವುದು ಗ್ರೇಟರ್ ಮ್ಯಾಂಚೆಸ್ಟರಿನಲ್ಲಿ. ನಮ್ಮ ಬೀದಿಯಲ್ಲಿ ಅವರ ಹೆಸರು ಕೇಳಿದ್ದವರು ವಿರಳ.

ಫೆಬ್ರವರಿ 2ಕ್ಕೆ ನಾಮಪತ್ರ ಸಲ್ಲಿಕೆ ಮುಗಿಯಿತು. ಒಂದು ವಾರ ಕಳೆದು ಧ್ವನಿಮುದ್ರಣವೊಂದು ಪತ್ರಿಕೆಯಲ್ಲಿ ಬಯಲಾಯಿತು. 2023ರ ಅಕ್ಟೋಬರ್ 7ರ ಹಮಾಸ್ ದಾಳಿ ನಡೆಯಲು ಇಸ್ರೇಲ್ ಗೊತ್ತಿದ್ದೇ ಬಿಟ್ಟಿತು ಎಂಬರ್ಥದ ಮಾತನ್ನು ಪಕ್ಷದ ಸಭೆಯೊಂದರಲ್ಲಿ ಅವರು ಆಡಿದ್ದರು. ಅವರು ಕ್ಷಮೆ ಕೇಳಿದರು. ಪಕ್ಷ ಮೊದಲು ಅವರನ್ನು ಸಮರ್ಥಿಸಿಕೊಂಡಿತು. ಇನ್ನಷ್ಟು ಮಾತುಗಳು ಹೊರಬಂದ ಮೇಲೆ, ಫೆಬ್ರವರಿ 12ರಂದು, ಬೆಂಬಲ ವಾಪಸ್ ಪಡೆಯಿತು. ಆ ಮಾತು ಖಂಡನೀಯ, ಅದರಲ್ಲಿ ನನಗೆ ಎರಡು ಅಭಿಪ್ರಾಯವಿಲ್ಲ. ಆದರೆ ಅದು ಮನೆಯೊಳಗೆ ಪಿಸುಗುಟ್ಟಿದ ಮಾತಲ್ಲ, ಪಕ್ಷದವರೇ ಕೂತಿದ್ದ ಸಭೆಯಲ್ಲಿ ಆಡಿದ್ದು. ಇನ್ನೆರಡು ವಾರ ತಡೆದು, ಜಿಲ್ಲೆಯ ನಾಲ್ಕು ಜನ ಕಾರ್ಯಕರ್ತರನ್ನು ವಿಚಾರಿಸಿದ್ದರೆ ಆಯ್ಕೆಗೆ ಮೊದಲೇ ಗೊತ್ತಾಗಬಹುದಾಗಿದ್ದ ಸಂಗತಿ.

ನಾಮಪತ್ರದ ಗಡುವು ಮುಗಿದ ಮೇಲೆ ಇಲ್ಲಿ ಹೆಸರು ಹಿಂತೆಗೆಯಲು ಆಗುವುದಿಲ್ಲ, ಬೇರೆಯವರನ್ನು ನಿಲ್ಲಿಸಲೂ ಆಗುವುದಿಲ್ಲ. ನಮ್ಮ ಬಿ ಫಾರಂ ಇದ್ದ ಹಾಗೆ ಇಲ್ಲಿಯೂ ಪಕ್ಷದ ಅಧಿಕೃತ ಪತ್ರ ನಾಮಪತ್ರದ ಜೊತೆ ಹೋಗಬೇಕು. ಒಮ್ಮೆ ಕೊಟ್ಟರೆ ಕೊಟ್ಟ ಹಾಗೇ. ಹೀಗಾಗಿ ಮತಪತ್ರದಲ್ಲಿ ಅಜರ್ ಅಲಿ ಅವರ ಹೆಸರಿನ ಜೊತೆ ಲೇಬರ್ ಪಕ್ಷದ ಹೆಸರು ಹಾಗೇ ಉಳಿಯಿತು.

ಮತದಾನದ ದಿನ ಪಕ್ಕದ ಮನೆಯ ಹಿರಿಯ ಹೆಂಗಸನ್ನು ನಾನೇ ಕಾರಿನಲ್ಲಿ ಕರೆದುಕೊಂಡು ಹೋಗಿದ್ದೆ. ಹರೆಯದಲ್ಲಿ ಇಲ್ಲಿನ ನೂಲಿನ ಗಿರಣಿಯಲ್ಲಿ ದುಡಿದವರು, ಓಟು ಬಂದಾಗಿನಿಂದ ಲೇಬರ್ ಬಿಟ್ಟು ಬೇರೆಯವರಿಗೆ ಹಾಕಿದವರಲ್ಲ. ಮತಗಟ್ಟೆಯ ಗೋಡೆಗೆ ಅಭ್ಯರ್ಥಿಗಳ ಪಟ್ಟಿ ಅಂಟಿಸಿದ್ದರು. ಅವರು ಕನ್ನಡಕ ಹಾಕಿಕೊಂಡು, ಪಟ್ಟಿಯ ಮೇಲೆ ಬೆರಳಿಟ್ಟು ಒಂದೊಂದೇ ಹೆಸರು ಓದುತ್ತಾ ಹೋದರು. ಹನ್ನೊಂದು ಹೆಸರು. ಲೇಬರ್ ಎಂದಿದ್ದಲ್ಲಿ ಬೆರಳು ನಿಂತಿತು. ‘ಇವರು ನಮ್ಮವರು ಹೌದೋ ಅಲ್ಲವೋ?’ ಎಂದು ನನ್ನನ್ನು ಕೇಳಿದರು. ಮತಗಟ್ಟೆಯೊಳಗೆ ನಾನು ಏನೂ ಹೇಳುವ ಹಾಗಿರಲಿಲ್ಲ. ಮತಪತ್ರ ಹಿಡಿದು ಮರೆಯೊಳಗೆ ಹೋದವರು ತುಂಬಾ ಹೊತ್ತು ಬರಲಿಲ್ಲ. ವಾಪಸ್ ಬರುವಾಗ ಕಾರಿನಲ್ಲಿ ಅವರೇ ಹೇಳಿದರು: ‘ಪಕ್ಷದವರೇ ಬೇಡ ಅಂದವರಿಗೆ ನಾನ್ಯಾಕೆ ಹಾಕಲಿ? ಹಾಗಂತ ಬೇರೆಯವರಿಗೂ ಕೈ ಬರಲಿಲ್ಲ.’ ಖಾಲಿ ಮತಪತ್ರವನ್ನೇ ಮಡಿಸಿ ಪೆಟ್ಟಿಗೆಗೆ ಹಾಕಿ ಬಂದಿದ್ದರು. ಇಡೀ ಆಯುಷ್ಯ ಒಂದು ಪಕ್ಷವನ್ನು ನಂಬಿದ ಹೆಂಗಸಿಗೆ ಆ ಪಕ್ಷ ಇಂಥ ಗತಿ ತಂದಿತಲ್ಲ ಎಂದು ನನಗೆ ಕೋಪವೇ ಬಂತು. ಇವತ್ತಿಗೂ ಇಳಿದಿಲ್ಲ.

ಈಗ ಲೆಕ್ಕ ನೋಡೋಣ. ಗ್ಯಾಲೊವೇ ಅವರಿಗೆ 12,335 ಮತ. ಎರಡನೇ ಸ್ಥಾನ ಡೇವಿಡ್ ಟಲಿ ಅವರಿಗೆ, 6,638 ಮತ. ಕನ್ಸರ್ವೇಟಿವ್ ಅಭ್ಯರ್ಥಿಗೆ 3,731. ಅಜರ್ ಅಲಿ ನಾಲ್ಕನೆಯವರು, 2,402 ಮತ. ಟಲಿ ಪಕ್ಷೇತರರು, ಇದೇ ಊರಿನ ವ್ಯಾಪಾರಸ್ಥರು. ಗಾಜಾ ಬಗ್ಗೆ ಮಾತಾಡಿ ಮತ ಕೇಳಿದವರಲ್ಲ, ಊರಿನ ವಿಚಾರಗಳನ್ನೇ ಹಿಡಿದು ಮನೆಮನೆಗೆ ಹೋದವರು. ಚುನಾವಣೆಗೆ ಮೊದಲು ರಾಜಕಾರಣದಲ್ಲಿ ಅವರ ಹೆಸರೇ ಇರಲಿಲ್ಲ. ಅಂಥವರು ಲೇಬರ್, ಕನ್ಸರ್ವೇಟಿವ್ ಅಭ್ಯರ್ಥಿಗಳಿಬ್ಬರ ಮತ ಕೂಡಿಸಿದರೂ ಅದಕ್ಕಿಂತ ಹೆಚ್ಚು ಪಡೆದರು. ಗಾಜಾ ಒಂದರಿಂದಲೇ ಎಲ್ಲವೂ ಆಯಿತು ಎನ್ನುವವರು ಈ 6,638 ಮತಗಳಿಗೆ ಏನು ಕಾರಣ ಕೊಡುತ್ತಾರೆ? ಮತ ಹಾಕಲು ಬಂದದ್ದೇ ಶೇ 39.7 ಮಂದಿ. ಬಂದವರಲ್ಲಿ ಲೇಬರ್, ಕನ್ಸರ್ವೇಟಿವ್, ಲಿಬರಲ್ ಡೆಮಾಕ್ರಟ್ ಮೂರೂ ಸೇರಿ ನಾಲ್ಕರಲ್ಲೊಂದು ಪಾಲಿಗಿಂತ ಸ್ವಲ್ಪವೇ ಹೆಚ್ಚು ಮತ ಪಡೆದವು.

ಗ್ಯಾಲೊವೇ ಅವರೂ ಗಾಜಾ ಒಂದನ್ನೇ ಹೇಳಲಿಲ್ಲ. ಅವರು ಬೇರೆ ಬೇರೆ ಮತದಾರರಿಗೆ ಬೇರೆ ಬೇರೆ ಪತ್ರ ಕಳಿಸಿದರು. ಕೆಲವರಿಗೆ ಗಾಜಾ. ಇನ್ನು ಕೆಲವರಿಗೆ ಊರಿನ ಅಭಿವೃದ್ಧಿ ಮತ್ತು ಆಸ್ಪತ್ರೆ. ನಮ್ಮ ಊರಿನ ಆಸ್ಪತ್ರೆಯಲ್ಲಿ ಹೆರಿಗೆ ವಿಭಾಗವಿಲ್ಲ. ನನ್ನ ಮಗ ಹುಟ್ಟಿದ್ದು ಪಕ್ಕದ ಊರಿನಲ್ಲಿ. ನೋವು ಶುರುವಾದಾಗ ನಡುರಾತ್ರಿ ಟ್ಯಾಕ್ಸಿಗಾಗಿ ಬಾಗಿಲಲ್ಲಿ ನಿಂತು ಕಾದದ್ದು ನೆನಪಿದೆ. ಹೆರಿಗೆ ವಿಭಾಗವನ್ನು ಮತ್ತೆ ತರುತ್ತೇನೆ ಎಂದು ಒಬ್ಬ ಅಭ್ಯರ್ಥಿ ಹೇಳಿದರೆ ಈ ಊರಿನ ಹೆಂಗಸರು ಕಿವಿಗೊಡದೆ ಇರುತ್ತಾರೆಯೇ? ಲೇಬರ್ ಪಕ್ಷದ ಪರವಾಗಿ ಅದಕ್ಕೆ ಉತ್ತರ ಹೇಳಲು ಕಣದಲ್ಲಿ ಒಬ್ಬರೂ ಇರಲಿಲ್ಲ.

ಉಳಿದ ಪಕ್ಷಗಳ ಕಥೆಯೂ ಚೆನ್ನಾಗಿರಲಿಲ್ಲ. ಹಳೆಯ ಬರಹಗಳು ಬಯಲಿಗೆ ಬಂದು ಗ್ರೀನ್ ಪಕ್ಷವೂ ತನ್ನ ಅಭ್ಯರ್ಥಿಯಿಂದ ದೂರ ಸರಿಯಿತು. ಮತದಾನದ ಮರುದಿನ, ಮಾರ್ಚ್ 1ರ ಸಂಜೆ, ನಮ್ಮ ಸುಧಾ ಮೂರ್ತಿ ಅವರ ಅಳಿಯ, ಆಗಿನ ಪ್ರಧಾನಿ ರಿಷಿ ಸುನಕ್ ಡೌನಿಂಗ್ ಸ್ಟ್ರೀಟಿನ ತಮ್ಮ ಮನೆಯೆದುರು ನಿಂತು ಈ ಫಲಿತಾಂಶ ಕಳವಳಕಾರಿ ಎಂದರು. ಅವರ ಕಳವಳ ನನಗೆ ಅರ್ಥವಾಗುತ್ತದೆ. ಅವರದೇ ಕನ್ಸರ್ವೇಟಿವ್ ಪಕ್ಷ ಇಲ್ಲಿ ಮೂರನೇ ಸ್ಥಾನಕ್ಕೆ ಯಾಕೆ ಇಳಿಯಿತು ಎಂಬ ಬಗ್ಗೆಯೂ ಒಂದು ಮಾತು ಆಡಿದ್ದರೆ ಚೆನ್ನಾಗಿತ್ತು. ರಾಚ್‌ಡೇಲ್‌ಗೆ ಎರಡು ವಾರ ಮೊದಲು ವೆಲಿಂಗ್‌ಬರೋ ಉಪಚುನಾವಣೆಯಲ್ಲಿ ಅವರ ಪಕ್ಷ ಮಾಡಿದ್ದೂ ಇಂಥದ್ದೇ. ಮತದಾರರು ಸಹಿ ಹಾಕಿ ಹುದ್ದೆಯಿಂದ ಇಳಿಸಿದ ಸಂಸದ ಪೀಟರ್ ಬೋನ್ ಅವರ ಸಂಗಾತಿಗೇ ಟಿಕೆಟ್ ಕೊಟ್ಟರು. ಹದಿನೆಂಟು ಸಾವಿರಕ್ಕೂ ಹೆಚ್ಚು ಅಂತರದಲ್ಲಿ ಗೆದ್ದಿದ್ದ ಕ್ಷೇತ್ರ ಲೇಬರ್ ಪಾಲಾಯಿತು.

ಸರಿಯಾದ ಆಯ್ಕೆ ಗೆಲ್ಲಿಸಿದ್ದೂ ಉಂಟು. 2021ರ ಜುಲೈ 1ರಂದು ಬ್ಯಾಟ್ಲಿ ಅಂಡ್ ಸ್ಪೆನ್ ಉಪಚುನಾವಣೆಯಲ್ಲಿ ಇದೇ ಗ್ಯಾಲೊವೇ ನಿಂತು ಎಂಟು ಸಾವಿರಕ್ಕೂ ಹೆಚ್ಚು ಮತ ಪಡೆದರು. ಆದರೂ ಲೇಬರ್ 323 ಮತಗಳಿಂದ ಗೆದ್ದಿತು. ಅಭ್ಯರ್ಥಿ ಕಿಮ್ ಲೆಡ್‌ಬೀಟರ್ ಆ ಊರಿನಲ್ಲೇ ಬೆಳೆದವರು, ಕೊಲೆಯಾದ ಸಂಸದೆ ಜೋ ಕಾಕ್ಸ್ ಅವರ ತಂಗಿ, ಬೀದಿ ಬೀದಿಗೆ ಪರಿಚಿತರು. ಅದಕ್ಕೆ ಎರಡೇ ತಿಂಗಳ ಮೊದಲು ಹಾರ್ಟ್ಲ್‌ಪೂಲ್‌ನಲ್ಲಿ ಒಂದೇ ಹೆಸರಿನ ಪಟ್ಟಿ ಮಾಡಿ ಸದಸ್ಯರ ಮುಂದಿಟ್ಟಿದ್ದರು. ಬ್ರೆಕ್ಸಿಟ್, ಎಂದರೆ ಬ್ರಿಟನ್ ಯುರೋಪ್ ಒಕ್ಕೂಟ ಬಿಡುವುದು, ಬೇಕೆಂದು ಶೇ 70ರಷ್ಟು ಜನ ಹೇಳಿದ್ದ ಊರಿಗೆ ಬ್ರೆಕ್ಸಿಟ್ ವಿರೋಧಿಯಾಗಿದ್ದವರನ್ನು ನಿಲ್ಲಿಸಿದರು. 6,940 ಮತಗಳ ಅಂತರದಿಂದ ಸೋತರು. ಎರಡೂ ಒಂದೇ ಪಕ್ಷ, ಒಂದೇ ನಾಯಕತ್ವ, ಒಂದೇ ವರ್ಷ.

ನನಗೆ ಇನ್ನೂ ನೋವು ತರುವ ಒಂದು ವಿಷಯವಿದೆ. ಸಹಕಾರ ಚಳವಳಿಯ ತವರು ರಾಚ್‌ಡೇಲ್. 1844ರ ಡಿಸೆಂಬರ್ 21ರಂದು ಟೋಡ್ ಲೇನ್ ಎಂಬ ಬೀದಿಯಲ್ಲಿ ಇಲ್ಲಿನ ಕೂಲಿಕಾರರು ಬೆಣ್ಣೆ, ಸಕ್ಕರೆ, ಹಿಟ್ಟು, ಓಟ್ಸ್ ಹಿಟ್ಟು, ಮೇಣದಬತ್ತಿ ಇಟ್ಟು ಅಂಗಡಿ ತೆರೆದರು. ಎಷ್ಟೇ ಷೇರು ಇರಲಿ, ಒಬ್ಬ ಸದಸ್ಯನಿಗೆ ಒಂದೇ ಮತ ಎಂಬ ನಿಯಮ ಇಲ್ಲಿಂದ ಜಗತ್ತಿಗೆ ಹೋಯಿತು. 1905ರಲ್ಲಿ ನಮ್ಮ ಗದಗಿನ ಕಣಗಿನಹಾಳದಲ್ಲಿ ಸಿದ್ಧನಗೌಡ ಪಾಟೀಲರು ಕೃಷಿ ಸಹಕಾರ ಸಂಘ ಕಟ್ಟಿದ್ದೂ ಇದೇ ತತ್ವದ ಮೇಲೆ. ಟೋಡ್ ಲೇನಿನ ಆ ಅಂಗಡಿ ಈಗ ವಸ್ತುಸಂಗ್ರಹಾಲಯ. ಊರಿನಿಂದ ಯಾರೇ ಬಂದರೂ ನಾನು ಮೊದಲು ತೋರಿಸುವುದು ಅದನ್ನೇ. ಅಂಥ ಊರಿನ ಲೇಬರ್ ಸದಸ್ಯರಿಗೆ ಹೊರಗಿನವರು ಮಾಡಿದ ಪಟ್ಟಿ ಕೊಟ್ಟು, ಬೇಗ ಆರಿಸಿ ಎಂದದ್ದು ನನಗೆ ಅನ್ಯಾಯವಾಗಿಯೇ ಕಾಣುತ್ತದೆ.

ಹಾಗೆಂದು ನಮ್ಮ ಕಡೆಯದು ಇದಕ್ಕಿಂತ ಮೇಲು ಎನ್ನಲಾರೆ. 2024ರ ಲೋಕಸಭೆ ಚುನಾವಣೆಗೆ ಮೊದಲು ನಮ್ಮ ಹಾವೇರಿ ಕ್ಷೇತ್ರದ ಟಿಕೆಟ್ ಯಾರಿಗೆ ಎಂಬ ಸುದ್ದಿಯನ್ನು ನಿಮ್ಮ ಪತ್ರಿಕೆಯಲ್ಲಿ ದಿನಾ ಓದುತ್ತಿದ್ದೆ. ಯಾರು ಯಾರು ದೆಹಲಿಗೆ ಹೋದರು, ಯಾರ ಹೆಸರು ಮುಂದಿದೆ ಎಂದು ಬರುತ್ತಿತ್ತು. ಗದಗಿನ ಅಥವಾ ರೋಣದ ಪಕ್ಷದ ಸದಸ್ಯರೊಬ್ಬರನ್ನು ಮತ ಹಾಕಿ ಆರಿಸಿ ಎಂದು ಯಾವ ಪಕ್ಷವೂ ಕರೆದದ್ದು ನಾನು ಓದಿಲ್ಲ. ಇಲ್ಲಿ ಕಿರುಪಟ್ಟಿಯ ಮೇಲಾದರೂ ಸದಸ್ಯರ ಮತದಾನ ನಡೆಯುತ್ತದೆ. ಅದೂ ನಮ್ಮಲ್ಲಿಲ್ಲ. ಟಿಕೆಟ್ ಸುದ್ದಿ ಬರೆಯುವಾಗ ಆಯ್ಕೆ ಮಾಡಿದವರು ಯಾರು, ಎಷ್ಟು ಜನ, ಯಾರನ್ನು ಕೇಳಿ ಎಂಬುದನ್ನೂ ನಿಮ್ಮ ವರದಿಗಾರರು ಪ್ರತಿ ಪಕ್ಷವನ್ನೂ ಕೇಳಿ ಬರೆಯಬೇಕೆಂದು ವಿನಂತಿ.

ಇನ್ನು ರಾಚ್‌ಡೇಲ್‌ನ ಮುಂದಿನ ಮಾತು. ಸಾರ್ವತ್ರಿಕ ಚುನಾವಣೆ 2025ರ ಜನವರಿ 28ರೊಳಗೆ ಆಗಲೇಬೇಕಿತ್ತು. ಗ್ಯಾಲೊವೇ ಅವರಿಗೆ ಸಿಕ್ಕಿದ್ದ ಅವಧಿ ಚಿಕ್ಕದಾಗಿತ್ತು. 2012ರಲ್ಲಿ ಬ್ರ್ಯಾಡ್‌ಫರ್ಡ್ ವೆಸ್ಟ್ ಉಪಚುನಾವಣೆಯನ್ನು ಅವರು ಹತ್ತು ಸಾವಿರ ದಾಟಿದ ಅಂತರದಿಂದ ಗೆದ್ದು, 2015ರಲ್ಲಿ ಹನ್ನೊಂದು ಸಾವಿರ ದಾಟಿದ ಅಂತರದಿಂದ ಲೇಬರ್‌ನ ನಾಜ್ ಶಾ ಅವರಿಗೆ ಸೋತರು. ಇಲ್ಲಿಯೂ ಹಾಗೇ ಆಗಬಹುದು ಎಂಬುದು 2024ರ ಮಾರ್ಚ್ ಹೊತ್ತಿಗೆ ನನ್ನ ಅಂದಾಜಾಗಿತ್ತು. ಆದರೆ ಅದಕ್ಕೆ ಲೇಬರ್ ಪಕ್ಷ ಈ ಊರನ್ನು ಬಲ್ಲವರನ್ನು ಆಗಿನಿಂದಲೇ ನಿಲ್ಲಿಸಬೇಕಿತ್ತು, ಇಲ್ಲಿನ ಸದಸ್ಯರು ಮುಖಾಮುಖಿ ಪ್ರಶ್ನೆ ಕೇಳುವಷ್ಟು ಸಮಯ ಕೊಡಬೇಕಿತ್ತು. ಪಕ್ಷದವರು ಮತ ಕೇಳಲು ನಮ್ಮ ಬಾಗಿಲಿಗೆ ಬಂದಾಗ ನಾನು ಎರಡು ಪ್ರಶ್ನೆ ಕೇಳುವವಳಿದ್ದೇನೆ: ನಿಮ್ಮ ಅಭ್ಯರ್ಥಿಯನ್ನು ಆರಿಸಿದವರು ಯಾರು? ಹೆರಿಗೆ ವಿಭಾಗದ ಬಗ್ಗೆ ಅವರು ಏನನ್ನುತ್ತಾರೆ? ಪಕ್ಕದ ಮನೆಯವರೂ ಬಂದು ನನ್ನ ಜೊತೆ ನಿಲ್ಲುವುದಾಗಿ ಹೇಳಿದ್ದಾರೆ.

ಇಂತಿ ನಿಮ್ಮ ಓದುಗಾರ್ತಿ,
ಗದಗ ಜಿಲ್ಲೆಯ ನರ್ಸ್, ರಾಚ್‌ಡೇಲ್, ಇಂಗ್ಲೆಂಡ್